ಕಡ್ಡಿ ಫುಲ್ ಇದೆ, ಕಾಲ್ ಮಾತ್ರ ಹೋಗ್ತಿಲ್ಲ

ನೆಟ್‌ವರ್ಕ್ ಕೈಕೊಟ್ಟಾಗ ನಾವು ಮೊದಲು ಮಾಡುವ ಕೆಲಸ ಫೋನನ್ನು ತಲೆಯ ಮೇಲೆತ್ತಿ ಹಿಡಿಯುವುದು. ಆಮೇಲೆ ಆಫ್ ಮಾಡಿ ಆನ್ ಮಾಡುತ್ತೇವೆ. ಅದಕ್ಕೂ ಬಗ್ಗದಿದ್ದರೆ ಕಂಪನಿಗೆ ಹಿಡಿಶಾಪ ಹಾಕುತ್ತೇವೆ. ಇವುಗಳಲ್ಲಿ ನಡುವಿನದ್ದು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಆದರೆ ಇದೆಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸವನ್ನು ಹೆಚ್ಚಿನವರು ಮಾಡುವುದೇ ಇಲ್ಲ: ತೊಂದರೆ ಇರುವುದು ಫೋನಿನಲ್ಲೋ, ಸಿಮ್ಮಿನಲ್ಲೋ, ಟವರಿನಲ್ಲೋ ಎಂದು ಪತ್ತೆ ಹಚ್ಚುವುದು. ಅದು ತಿಳಿಯದೆ ರಿಪೇರಿ ಅಂಗಡಿಗೆ ಹೋದರೆ ‘ಸಾಫ್ಟ್‌ವೇರ್ ಹಾಕ್ಬೇಕು ಸಾರ್’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಸಾಫ್ಟ್‌ವೇರ್ ಹಾಕಿಸಿ, ಇದ್ದಬದ್ದ ಫೋಟೊಗಳನ್ನೆಲ್ಲ ಕಳೆದುಕೊಂಡು ಮನೆಗೆ ಬಂದರೆ, ಕರೆಂಟಿಲ್ಲದೆ ಟವರೇ ಮಲಗಿತ್ತು ಎಂಬ ಸುದ್ದಿ ಪಕ್ಕದ ಮನೆಯಿಂದ ತಿಳಿಯುತ್ತದೆ.

ಪತ್ತೆ ಹಚ್ಚುವುದಕ್ಕೆ ಯಾವ ಉಪಕರಣವೂ ಬೇಡ. ಅಕ್ಕಪಕ್ಕದಲ್ಲಿ ನಿಮ್ಮದೇ ಕಂಪನಿಯ ಸಿಮ್ ಇರುವವರನ್ನು ‘ನಿಮ್ಗೆ ಬರ್ತಿದ್ಯಾ?’ ಎಂದು ಕೇಳಿ. ಅವರಿಗೂ ಇಲ್ಲವೆಂದಾದರೆ ತಪ್ಪು ಟವರಿನದ್ದು. ನಿಮ್ಮ ಫೋನನ್ನು ಮುಟ್ಟುವ ಅಗತ್ಯವೇ ಇಲ್ಲ, ಕಾಯುವುದು ಅಥವಾ ದೂರು ಕೊಡುವುದಷ್ಟೇ ಕೆಲಸ. ಅವರಿಗೆ ಬಂದು ನಿಮಗೆ ಬರದಿದ್ದರೆ ಸಿಮ್ ತೆಗೆದು ಮನೆಯ ಇನ್ನೊಂದು ಫೋನಿಗೆ ಹಾಕಿ ನೋಡಿ. ಅಲ್ಲೂ ಸತ್ತಿದ್ದರೆ ಸಿಮ್ಮಿನದೋ ರೀಚಾರ್ಜಿನದೋ ತೊಂದರೆ. ಅಲ್ಲಿ ಸರಿಯಾಗಿ ನಡೆದರೆ ತಪ್ಪು ನಿಮ್ಮ ಫೋನಿನದ್ದೇ. ಐದು ನಿಮಿಷದ ಈ ಪರೀಕ್ಷೆ ಅರ್ಧ ಅಲೆದಾಟ ತಪ್ಪಿಸುತ್ತದೆ.

ಪರದೆಯ ಮೇಲಿನ ಬರಹವನ್ನೂ ಓದಬೇಕು. ‘ನೋ ಸಿಮ್’ ಎಂದಿದ್ದರೆ ಫೋನಿಗೆ ಸಿಮ್ಮೇ ಕಾಣುತ್ತಿಲ್ಲ. ‘ನೋ ಸರ್ವೀಸ್’ ಎಂದಿದ್ದರೆ ಸಿಮ್ ಕಂಡಿದೆ, ಟವರ್ ಕಂಡಿಲ್ಲ. ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಎಂಬುದು ಇವೆರಡಕ್ಕಿಂತ ಹೆಚ್ಚು ವಿಷಯ ಹೇಳುತ್ತದೆ. ಫೋನಿಗೆ ಯಾವುದೋ ಒಂದು ಟವರ್ ಕಾಣಿಸುತ್ತಿದೆ, ಆದರೆ ಆ ಟವರ್ ನಿಮ್ಮ ಸಿಮ್ಮನ್ನು ಒಳಗೆ ಬಿಟ್ಟುಕೊಂಡಿಲ್ಲ ಎಂದು ಅದರರ್ಥ. ಅಂದರೆ ಫೋನಿನೊಳಗಿನ ರೇಡಿಯೊ ಗಟ್ಟಿಮುಟ್ಟಾಗಿದೆ. ಆ ಸ್ಥಿತಿಯಲ್ಲೂ 112ಕ್ಕೆ ಕರೆ ಹೋಗುತ್ತದೆ. ತುರ್ತು ಕರೆಯನ್ನು ಬೇರೆ ಕಂಪನಿಯ ಟವರ್ ಕೂಡ ತೆಗೆದುಕೊಳ್ಳುತ್ತದೆ. ಕಾಡಿನಂಚಿನ ರಸ್ತೆಗಳಲ್ಲಿ ಓಡಾಡುವವರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಫೋನಿನಲ್ಲೇ ಮುಗಿಯುವ ಕೆಲಸಗಳು

ಏರೋಪ್ಲೇನ್ ಮೋಡ್ ಆನ್ ಮಾಡಿ, ಅರ್ಧ ನಿಮಿಷ ಬಿಟ್ಟು ಆಫ್ ಮಾಡಿ. ಆಫ್–ಆನ್ ಮಾಡುವುದರ ಫಲವೂ ಇಷ್ಟೇ. ಫೋನು ಒಂದು ಟವರಿಗೆ ಅಂಟಿಕೊಂಡರೆ ಸಿಗ್ನಲ್ ತೀರಾ ಸೊರಗುವ ತನಕ ಅದನ್ನು ಬಿಡಲು ಒಪ್ಪುವುದಿಲ್ಲ. ಬಸ್ಸಿನಲ್ಲಿ ಊರು ದಾಟಿ ಬಂದರೂ ಕೆಲವೊಮ್ಮೆ ಹಿಂದಿನ ಊರಿನ ಟವರನ್ನೇ ಹಿಡಿದು ನೇತಾಡುತ್ತಿರುತ್ತದೆ. ಏರೋಪ್ಲೇನ್ ಮೋಡ್ ಆ ನಂಟನ್ನು ಕತ್ತರಿಸಿ, ಸುತ್ತಲಿನ ಟವರುಗಳನ್ನು ಹೊಸದಾಗಿ ಹುಡುಕಿ ನೋಂದಾಯಿಸಿಕೊಳ್ಳುವಂತೆ ಮಾಡುತ್ತದೆ.

ಎರಡನೆಯದಾಗಿ ನೋಡಬೇಕಾದದ್ದು ‘ಪ್ರಿಫರ್ಡ್ ನೆಟ್‌ವರ್ಕ್ ಟೈಪ್’. ಮಕ್ಕಳ ಕೈಗೆ ಫೋನು ಹೋದ ಮನೆಗಳಲ್ಲಿ ಇದು ಎಲ್ಲೆಲ್ಲಿಗೋ ತಿರುಗಿರುತ್ತದೆ. ಜಿಯೋಗೆ 2ಜಿ, 3ಜಿ ಎರಡೂ ಇಲ್ಲ. 2016ರ ಸೆಪ್ಟೆಂಬರಿನಲ್ಲಿ ಅದು ಶುರುವಾದದ್ದೇ ಬರೀ 4ಜಿಯಲ್ಲಿ. ಹಾಗಾಗಿ ಅದರಲ್ಲಿ ಮಾತು ಕೂಡ ಡೇಟಾ ರೂಪದಲ್ಲೇ ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ಬೇಕಾದ ‘ವೋಲ್ಟಿ’ ಆಫ್ ಆಗಿದ್ದರೆ ಇಂಟರ್ನೆಟ್ ಓಡುತ್ತದೆ, ಕರೆ ಹೋಗುವುದಿಲ್ಲ. ಏರ್‌ಟೆಲ್ 2ಜಿಯನ್ನು ಉಳಿಸಿಕೊಂಡು 3ಜಿಯನ್ನು 2019–20ರ ಸುಮಾರಿಗೆ ಮುಚ್ಚಿತು. ಅದರ ಸಿಮ್ ಇರುವ ಫೋನನ್ನು ಯಾರೋ 3ಜಿಗೆ ತಿರುಗಿಸಿಟ್ಟರೆ ಕೈಯಲ್ಲಿ ಉಳಿಯುವುದು ಕರೆಗಷ್ಟೇ ಸಾಲುವ 2ಜಿ. ಮೂಲೆಯಲ್ಲಿ ಇಂಗ್ಲಿಷಿನ ‘ಇ’ ಅಕ್ಷರ ಕಾಣಿಸಿದರೆ ಅದೇ 2ಜಿ. ಈ ಕಾಲದ ಒಂದು ವೆಬ್ ಪುಟ ತೆರೆಯಲಿಕ್ಕೂ ಅದರಿಂದ ಆಗುವುದಿಲ್ಲ.

5ಜಿಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. 2022ರ ಅಕ್ಟೋಬರ್ 1ರಂದು ದೇಶದಲ್ಲಿ ಅದಕ್ಕೆ ಚಾಲನೆ ಸಿಕ್ಕಿದಾಗಿನಿಂದ ಎಲ್ಲರಿಗೂ ಪರದೆಯ ಮೇಲೆ ಆ ಎರಡಕ್ಷರ ಕಾಣಲೇಬೇಕು ಎಂಬ ಹಟ. ಆದರೆ 5ಜಿ ಅರೆಬರೆ ಸಿಗುವ ಜಾಗದಲ್ಲಿ ಫೋನು 5ಜಿಗೂ 4ಜಿಗೂ ನಡುವೆ ಹಾರಾಡುತ್ತಲೇ ಇರುತ್ತದೆ. ಬ್ಯಾಟರಿ ಕರಗುತ್ತದೆ, ಮಾತಿನ ನಡುವೆ ಮೌನ ಬರುತ್ತದೆ, ಯುಪಿಐ ಚಕ್ರ ತಿರುಗುತ್ತಾ ನಿಲ್ಲುತ್ತದೆ. ಅಂಥ ಕಡೆ ಒಂದು ವಾರ 4ಜಿಗೆ ಇಳಿಸಿಟ್ಟು ನೋಡಿ. ಹೆಚ್ಚಿನವರು ಮತ್ತೆ ಏರಿಸುವ ಗೋಜಿಗೆ ಹೋಗುವುದಿಲ್ಲ.

ಕೊನೆಯ ಅಸ್ತ್ರ ‘ರೀಸೆಟ್ ನೆಟ್‌ವರ್ಕ್ ಸೆಟ್ಟಿಂಗ್ಸ್’. ಇದರಿಂದ ಫೋಟೊ, ಸಂದೇಶ ಯಾವುದೂ ಹೋಗುವುದಿಲ್ಲ. ವೈಫೈ ಪಾಸ್‌ವರ್ಡುಗಳು, ಬ್ಲೂಟೂತ್ ಜೋಡಣೆಗಳು ಮಾತ್ರ ಅಳಿಸುತ್ತವೆ. ಇ–ಸಿಮ್ ಇರುವವರು ಅಲ್ಲಿ ಬರುವ ‘ಇರೇಸ್ ಇ–ಸಿಮ್’ ಎಂಬ ಆಯ್ಕೆಗೆ ಟಿಕ್ ಹಾಕಬಾರದು. ಹಾಕಿದರೆ ಹೊಸ ಇ–ಸಿಮ್ಮಿಗೆ ಮತ್ತೆ ಕಂಪನಿಯ ಬಾಗಿಲು ತಟ್ಟಬೇಕಾಗುತ್ತದೆ. ಇದನ್ನೇ ‘ಫ್ಯಾಕ್ಟರಿ ರೀಸೆಟ್’ ಎಂದುಕೊಂಡು ಒತ್ತುವವರಿದ್ದಾರೆ. ಫ್ಯಾಕ್ಟರಿ ರೀಸೆಟ್ ಎಲ್ಲವನ್ನೂ ಗುಡಿಸಿಹಾಕುತ್ತದೆ, ನೆಟ್‌ವರ್ಕ್ ತೊಂದರೆಗೆ ಅದು ಬೇಕಾಗುವುದು ತೀರಾ ಅಪರೂಪ.

ಸಿಮ್ಮಿನ ವಿಚಾರ ಚಿಕ್ಕದು. ಟ್ರೇ ಹೊರತೆಗೆದು, ಹಳದಿ ಬಿಲ್ಲೆಯ ಮುಖವನ್ನು ಒಣ ಹತ್ತಿಬಟ್ಟೆಯಿಂದ ಒರೆಸಿ ಮತ್ತೆ ಕೂರಿಸಿ. ಕರಾವಳಿಯ ತೇವದ ಗಾಳಿಗೆ, ಬೆವರಿಗೆ ಆ ಬಿಲ್ಲೆ ಮಂಕಾಗುವುದುಂಟು. ಹಿಂದೆ ದೊಡ್ಡ ಸಿಮ್ಮನ್ನು ಕಟರಿನಲ್ಲಿ ಕತ್ತರಿಸಿ ಚಿಕ್ಕದು ಮಾಡಿಸಿಕೊಂಡವರು, 3ಜಿ ಕಾಲದ ಸಿಮ್ಮನ್ನೇ ಇನ್ನೂ ಇಟ್ಟುಕೊಂಡವರು ಹೊಸದನ್ನು ಪಡೆಯುವುದೇ ಸರಿ. ಹೀಗೆ ಬದಲಿಸಿದ ಸಿಮ್ ಚಾಲೂ ಆದ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಅದು ದೋಷವಲ್ಲ, ವಂಚನೆ ತಡೆಯಲು ದೂರಸಂಪರ್ಕ ಇಲಾಖೆ ಮಾಡಿದ ನಿಯಮ. ಬ್ಯಾಂಕಿನ ಓಟಿಪಿ ತುರ್ತಾಗಿ ಬೇಕಿರುವ ದಿನ ಸಿಮ್ ಬದಲಿಸಲು ಹೋಗಬೇಡಿ.

ಅಮೆರಿಕದಿಂದ ಮಗಳೋ ಅಳಿಯನೋ ತಂದುಕೊಟ್ಟ ಐಫೋನಿನದ್ದು ಬೇರೆಯೇ ಕಥೆ. ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಮಾದರಿಗಳಿಗೆ ಸಿಮ್ ಟ್ರೇಯೇ ಇಲ್ಲ, ಇ–ಸಿಮ್ ಒಂದೇ ದಾರಿ. ಜೊತೆಗೆ ‘ಜನರಲ್’, ‘ಅಬೌಟ್’ ಒಳಗೆ ‘ಕ್ಯಾರಿಯರ್ ಲಾಕ್’ ಎಂಬಲ್ಲಿ ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿಲ್ಲದಿದ್ದರೆ ಆ ಫೋನು ಅಲ್ಲಿನ ಕಂಪನಿಗೆ ಕಟ್ಟಿಹಾಕಿದ್ದು. ನಮ್ಮ ಸಿಮ್ ಅದರಲ್ಲಿ ನಡೆಯುವುದಿಲ್ಲ. ಬೀಗ ತೆಗೆಯಬೇಕಾದವರು ಅಲ್ಲಿನ ಕಂಪನಿಯವರೇ, ಇಲ್ಲಿಯ ಅಂಗಡಿಯವರಲ್ಲ.

ಕರೆ ಹೋಗುತ್ತದೆ, ನೆಟ್ ಬರುವುದಿಲ್ಲ

ಈ ದೂರಿಗೆ ಟವರ್ ಕಾರಣವಾಗುವುದು ಕಡಿಮೆ. ಮೊದಲ ಅನುಮಾನ ದಿನದ ಕೋಟಾದ ಮೇಲೆ. ದಿನಕ್ಕೆ ಒಂದೂವರೆ ಜಿಬಿಯ ಪ್ಲಾನು ಹಾಕಿಸಿಕೊಂಡವರಿಗೆ ಅದು ಖಾಲಿಯಾದ ಮೇಲೆ ನೆಟ್ ನಿಲ್ಲುವುದಿಲ್ಲ, 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ ವಾಟ್ಸಾಪಿನ ಅಕ್ಷರ ಹೋಗುತ್ತದೆ, ಫೋಟೊ ತೆವಳುತ್ತದೆ, ವೀಡಿಯೊ ಅಲ್ಲಾಡುವುದಿಲ್ಲ. ಸಂಜೆಯಾದರೆ ನೆಟ್ ಸ್ಲೋ, ಬೆಳಗ್ಗೆ ಎದ್ದರೆ ಸರಿ ಎನ್ನುವವರ ಪೈಕಿ ಅನೇಕರದ್ದು ಇದೇ ಕಥೆ, ಏಕೆಂದರೆ ಕೋಟಾ ರಾತ್ರಿ ಹನ್ನೆರಡಕ್ಕೆ ಮತ್ತೆ ತುಂಬುತ್ತದೆ. ಅನ್‌ಲಿಮಿಟೆಡ್ 5ಜಿ ಇದೆ ಎಂದು ನಿಶ್ಚಿಂತರಾದವರೂ ಕೆಲವೊಮ್ಮೆ ಸಿಕ್ಕಿಬೀಳುತ್ತಾರೆ: ಮನೆಯೊಳಗೆ ಫೋನು 4ಜಿಗೆ ಇಳಿದಾಗ ನೋಡಿದ ಸಿನಿಮಾ 4ಜಿ ಲೆಕ್ಕಕ್ಕೇ ಸೇರುತ್ತದೆ.

ಕೋಟಾ ಉಳಿದಿದ್ದರೆ ‘ಎಪಿಎನ್’ ನೋಡಿ. ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ‘ಆಕ್ಸೆಸ್ ಪಾಯಿಂಟ್ ನೇಮ್ಸ್’ ಎಂದಿರುತ್ತದೆ. ನಿಮ್ಮ ಡೇಟಾ ಯಾವ ಬಾಗಿಲಿನಿಂದ ಇಂಟರ್ನೆಟ್ಟಿಗೆ ಹೋಗಬೇಕು ಎಂಬ ವಿಳಾಸ ಅದು. ಜಿಯೋದ್ದು ‘ಜಿಯೋನೆಟ್’, ಬಿಎಸ್ಸೆನ್ನೆಲ್‌ದು ‘ಬಿಎಸ್‌ಎನ್‌ಎಲ್‌ನೆಟ್’, ಏರ್‌ಟೆಲ್‌ದು ‘ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್’. ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ನಡುವೆ ಜಾಗ ಬಿಡದೆ. ಒಂದಕ್ಷರ ತಪ್ಪಿದ್ದರೂ ಬಾಗಿಲು ತೆರೆಯುವುದಿಲ್ಲ. ಕೈಯಿಂದ ಬರೆಯುವುದಕ್ಕಿಂತ ಮೂರು ಚುಕ್ಕೆ ಒತ್ತಿ ‘ರೀಸೆಟ್ ಟು ಡಿಫಾಲ್ಟ್’ ಕೊಡುವುದು ಸುಲಭ. ಒಂದು ಕಂಪನಿಯಿಂದ ಇನ್ನೊಂದಕ್ಕೆ ಪೋರ್ಟ್ ಆದವರ ಫೋನಿನಲ್ಲಿ ಹಳೆಯ ಎಪಿಎನ್ ಉಳಿದುಕೊಂಡು ಕಾಡುವುದಿದೆ.

ಇದಕ್ಕಿಂತ ಸೂಕ್ಷ್ಮವಾದ ಕಳ್ಳ ‘ಪ್ರೈವೇಟ್ ಡಿಎನ್‌ಎಸ್’. ಆಂಡ್ರಾಯ್ಡ್ 9ರಿಂದ ಈಚೆಗೆ ಬಂದ ಸೌಲಭ್ಯ ಇದು. ಜಾಹೀರಾತು ಬರದಂತೆ ಮಾಡುತ್ತೇನೆಂದು ಮನೆಯ ಹುಡುಗ ಅಲ್ಲೊಂದು ಹೆಸರು ತುಂಬಿಟ್ಟಿರುತ್ತಾನೆ. ಆ ಸರ್ವರ್ ಮಲಗಿದ ದಿನ ನಿಮ್ಮ ಫೋನಿನಲ್ಲಿ ಸಿಗ್ನಲ್ ಪೂರ್ತಿ, ಡೇಟಾ ಆನ್, ಆದರೂ ಒಂದು ಪುಟವೂ ತೆರೆಯುವುದಿಲ್ಲ. ಅದನ್ನು ‘ಆಟೊಮ್ಯಾಟಿಕ್’ಗೆ ತಿರುಗಿಸಿದರೆ ಮುಗಿಯಿತು. ಮರೆತುಹೋದ ವಿಪಿಎನ್ ಆ್ಯಪ್ ಮಾಡುವ ಹಾವಳಿಯೂ ಇದೇ ಬಗೆಯದು. ಫೋನಿನ ತಾರೀಖು ತಪ್ಪಿದ್ದರೂ ಬ್ಯಾಂಕ್ ಆ್ಯಪ್‌ಗಳು, ಬಹಳಷ್ಟು ವೆಬ್‌ಸೈಟ್‌ಗಳು ಬಾಗಿಲು ಹಾಕಿಕೊಳ್ಳುತ್ತವೆ. ಭದ್ರತಾ ಪ್ರಮಾಣಪತ್ರದ ಅವಧಿಯನ್ನು ಅವು ನಿಮ್ಮ ಫೋನಿನ ಗಡಿಯಾರ ನೋಡಿಯೇ ಲೆಕ್ಕ ಹಾಕುವುದು. ಒಂದೇ ಆ್ಯಪ್ ಓಡದಿದ್ದರೆ ‘ಡೇಟಾ ಸೇವರ್’ ನೋಡಿ, ಅಥವಾ ಆ ಆ್ಯಪ್‌ಗೆ ಮೊಬೈಲ್ ಡೇಟಾ ಬಂದ್ ಮಾಡಲಾಗಿದೆಯೇ ನೋಡಿ.

ಎರಡು ಸಿಮ್ ಇರುವ ಫೋನಿನಲ್ಲಿ ಒಂದರಲ್ಲಿ ಮಾತಾಡುವಾಗ ಇನ್ನೊಂದರ ನೆಟ್ ನಿಲ್ಲುವುದು ಸಹಜ. ಬಹುತೇಕ ಫೋನುಗಳಲ್ಲಿ ರೇಡಿಯೊ ಇರುವುದು ಒಂದೇ.

ಯುಪಿಐ ನೋಂದಣಿ ಆಗುತ್ತಿಲ್ಲ ಎಂದು ನೆಟ್ಟನ್ನು ದೂರುವವರಿಗೆ ಒಂದು ಮಾತು. ನೋಂದಣಿಯ ವೇಳೆ ಆ್ಯಪ್ ನಿಮ್ಮ ಸಿಮ್ಮಿನಿಂದ ಗುಟ್ಟಾಗಿ ಒಂದು ಎಸ್ಸೆಮ್ಮೆಸ್ ಕಳಿಸುತ್ತದೆ. ನಿಮ್ಮ ಪ್ಲಾನಿನಲ್ಲಿ ಎಸ್ಸೆಮ್ಮೆಸ್ ಇಲ್ಲದಿದ್ದರೆ, ಕರೆನ್ಸಿಯೂ ಸೊನ್ನೆಯಾಗಿದ್ದರೆ ಎಷ್ಟು 5ಜಿ ಇದ್ದರೂ ಅದು ಆಗುವುದಿಲ್ಲ.

ಕಡ್ಡಿಯನ್ನು ನಂಬಬೇಡಿ, ಅಂಕಿ ನೋಡಿ

ಪರದೆಯ ಮೇಲಿನ ಕಡ್ಡಿಗಳಿಗೆ ಯಾವ ಸಾರ್ವತ್ರಿಕ ಅಳತೆಯೂ ಇಲ್ಲ. ಒಂದು ಕಂಪನಿಯ ಫೋನು ಮೂರು ಕಡ್ಡಿ ತೋರಿಸುವ ಜಾಗದಲ್ಲಿ ಇನ್ನೊಂದು ಕಂಪನಿಯದ್ದು ಎರಡು ತೋರಿಸಬಹುದು. ನಿಜವಾದ ಅಳತೆ ಡಿಬಿಎಂ ಎಂಬ ಅಂಕಿ. ಆಂಡ್ರಾಯ್ಡಿನಲ್ಲಿ ‘ಅಬೌಟ್ ಫೋನ್’ ಒಳಗೆ ‘ಸಿಮ್ ಸ್ಟೇಟಸ್’ ಹುಡುಕಿದರೆ ‘ಸಿಗ್ನಲ್ ಸ್ಟ್ರೆಂತ್’ ಎಂದು ಕಾಣುತ್ತದೆ. ಐಫೋನಿನಲ್ಲಿ *3001#12345#* ಡಯಲ್ ಮಾಡಬೇಕು. ಅಂಕಿ ಮೈನಸ್ಸಿನಲ್ಲಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 85ರ ಆಸುಪಾಸು ಇದ್ದರೆ ಸೊಗಸು. ಮೈನಸ್ 100ರಲ್ಲಿ ಕೆಲಸ ನಡೆಯುತ್ತದೆ. ಮೈನಸ್ 115 ದಾಟಿದರೆ ಮಾತು ಕತ್ತರಿಸಲು ಶುರು, 120ರ ಹತ್ತಿರ ಹೋದರೆ ಆಸೆ ಬಿಡಬೇಕು. ಹತ್ತು ಅಂಕಿ ಇಳಿದರೆ ಸಿಗ್ನಲ್ ಹತ್ತು ಪಟ್ಟು ಕುಗ್ಗಿದೆ ಎಂದರ್ಥ. ಇಪ್ಪತ್ತು ಇಳಿದರೆ ನೂರು ಪಟ್ಟು.

ಈ ಅಂಕಿಯನ್ನು ತೆರೆದಿಟ್ಟುಕೊಂಡು ಮನೆಯಲ್ಲೊಮ್ಮೆ ತಿರುಗಾಡಿ. ಹೆಂಚಿನ ಮನೆಯ ಜಗುಲಿಯಲ್ಲಿ ಮೈನಸ್ 98 ಇದ್ದದ್ದು ನಡುಮನೆ ದಾಟಿ ಅಡುಗೆಮನೆ ಸೇರುವಷ್ಟರಲ್ಲಿ 112ಕ್ಕೆ ಇಳಿಯಬಹುದು. ದಪ್ಪ ಮಣ್ಣಿನ ಗೋಡೆ, ತಾರಸಿಯ ಕಬ್ಬಿಣದ ಸರಳು, ತಗಡಿನ ಶೀಟು, ಬಿಸಿಲು ತಡೆಯಲೆಂದು ಲೋಹದ ತೆಳುಪೊರೆ ಬಳಿದ ಕಿಟಕಿ ಗಾಜು, ಎಲ್ಲವೂ ತಮ್ಮ ಪಾಲು ತಿನ್ನುತ್ತವೆ. ಒಂದೊಂದು ಜಾಗದಲ್ಲಿ ಹತ್ತು ಸೆಕೆಂಡು ನಿಲ್ಲಬೇಕು, ಅಂಕಿ ತಕ್ಷಣ ಬದಲಾಗುವುದಿಲ್ಲ. ಹೀಗೆ ಹುಡುಕಿದರೆ ಪ್ರತಿ ಮನೆಯಲ್ಲೂ ಒಂದು ಒಳ್ಳೆಯ ಜಾಗ ಸಿಗುತ್ತದೆ, ಬಹುಮಟ್ಟಿಗೆ ಟವರಿನ ಕಡೆಗಿನ ಕಿಟಕಿ. ವೀಡಿಯೊ ಕಾಲಿದ್ದರೆ ಅಲ್ಲಿ ಕುಳಿತು ಮಾತಾಡಿ. ಫೋನನ್ನು ಅಲ್ಲಿಟ್ಟು ಹಾಟ್‌ಸ್ಪಾಟ್ ಮಾಡಿ ಒಳಗೆ ಲ್ಯಾಪ್‌ಟಾಪ್ ಬಳಸಿದರೆ ಇನ್ನೂ ಒಳ್ಳೆಯದು. ಮಲೆನಾಡಿನಲ್ಲಿ ಕೊರೋನಾ ವರ್ಷಗಳಲ್ಲಿ ಮಕ್ಕಳು ಆನ್‌ಲೈನ್ ಪಾಠಕ್ಕೆಂದು ಗುಡ್ಡ ಹತ್ತಿ ಟಾರ್ಪಾಲಿನ ಗುಡಿಸಲು ಕಟ್ಟಿಕೊಂಡದ್ದನ್ನು ನೆನೆದರೆ ಕಿಟಕಿ ಹುಡುಕುವುದು ದೊಡ್ಡ ಕಷ್ಟವಲ್ಲ.

ಒಂದೇ ಟವರ್ ಬೇರೆಬೇರೆ ತರಂಗಾಂತರಗಳಲ್ಲಿ ಕೆಲಸ ಮಾಡುತ್ತದೆ. 850, 900 ಮೆಗಾಹರ್ಟ್ಸ್‌ನಂಥ ಕೆಳಗಿನವು ದೂರ ಹೋಗುತ್ತವೆ, ಗೋಡೆಯನ್ನೂ ತೂರುತ್ತವೆ, ಆದರೆ ಹೆಚ್ಚು ಡೇಟಾ ಹೊರಲಾರವು. 2300 ಮೆಗಾಹರ್ಟ್ಸ್ ಅಥವಾ 5ಜಿಯ 3500 ಮೆಗಾಹರ್ಟ್ಸ್ ವೇಗದ ಕುದುರೆಗಳು, ಗೋಡೆ ಕಂಡರೆ ಮಾತ್ರ ಹಿಂಜರಿಯುತ್ತವೆ. ಅಂಗಳದಲ್ಲಿ 5ಜಿ, ಒಳಗೆ ಬಂದರೆ 4ಜಿ ಆಗುವುದು ಇದರಿಂದಲೇ. ಫೋನು ಕೆಟ್ಟದ್ದಲ್ಲ.

ಇನ್ನು ತಲೆಬರಹದ ಒಗಟು: ಕಡ್ಡಿ ಫುಲ್ ಇದ್ದೂ ಕಾಲ್ ಹೋಗದಿರುವುದು ಹೇಗೆ? ಕಡ್ಡಿ ಹೇಳುವುದು ಟವರಿನ ಮಾತು ನಿಮ್ಮ ಫೋನಿಗೆ ಎಷ್ಟು ಕೇಳುತ್ತಿದೆ ಎಂಬುದನ್ನು ಮಾತ್ರ. ನಿಮ್ಮ ಮಾತು ಟವರಿಗೆ ಕೇಳುತ್ತಿದೆಯೇ ಎಂಬುದನ್ನಲ್ಲ. ಟವರ್ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಕೂಗುತ್ತದೆ, ನಿಮ್ಮ 4ಜಿ ಫೋನಿನ ಗರಿಷ್ಠ ಶಕ್ತಿ ಒಂದು ವ್ಯಾಟಿನ ಐದನೇ ಒಂದು ಭಾಗ. ಬಯಲಾಟದಲ್ಲಿ ಭಾಗವತರ ಮೈಕಿನ ದನಿ ಗದ್ದೆಯ ಆಚೆ ತುದಿಗೂ ಕೇಳುತ್ತದೆ, ಅಲ್ಲಿಂದ ನೀವು ಕೂಗಿದ್ದು ಅವರಿಗೆ ಕೇಳಿಸದು. ದೂರದ ಊರುಗಳಲ್ಲಿ ‘ರಿಂಗ್ ಆಗ್ತದೆ, ಮಾತು ಕೇಳಲ್ಲ’ ಎನ್ನುವ ದೂರಿಗೆ ಹಲವು ಸಲ ಕಾರಣ ಇದು. ಫೋನನ್ನು ಕೈಯಲ್ಲಿ ಮುಚ್ಚಿ ಹಿಡಿಯದೆ ಸ್ಪೀಕರಿಗೆ ಹಾಕಿ ಎದುರಿಗಿಟ್ಟರೂ ತುಸು ಲಾಭವಿದೆ. ಆಂಟೆನಾಗಳು ಅಂಚುಗಳಲ್ಲಿರುತ್ತವೆ, ಬೆರಳು ಅವನ್ನು ಮುಚ್ಚುತ್ತದೆ. ಲೋಹದ ಕವರ್ ಹಾಕಿದ್ದರೆ ತೆಗೆದು ಪರೀಕ್ಷಿಸಿ.

ಎರಡನೇ ಕಾರಣ ಜನಜಂಗುಳಿ. ರಥೋತ್ಸವದ ದಿನ ತೇರುಬೀದಿಯಲ್ಲಿ ಕಡ್ಡಿ ಪೂರ್ತಿ ಇರುತ್ತದೆ, ಒಂದು ಫೋಟೊ ಹೋಗುವುದಿಲ್ಲ. ಟವರಿನ ಸಾಮರ್ಥ್ಯವನ್ನು ಸಾವಿರಾರು ಫೋನುಗಳು ಒಟ್ಟಿಗೇ ಹಂಚಿಕೊಳ್ಳುತ್ತಿರುತ್ತವೆ. ಅಂಥಲ್ಲಿ ರೀಲ್ಸ್ ಏರಿಸಲು ಹೆಣಗಾಡುವ ಬದಲು ಎಸ್ಸೆಮ್ಮೆಸ್ ಕಳಿಸಿ. ಅದಕ್ಕೆ ಬೇಕಾದ ಜಾಗ ಅತ್ಯಲ್ಪ, ಸಂದಿ ಸಿಕ್ಕಾಗ ತೂರಿಕೊಳ್ಳುತ್ತದೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಎಲ್ಲಿ ಸೇರಬೇಕು ಎಂಬುದನ್ನು ಫೋನು ನಂಬದೆ ಮೊದಲೇ ಮಾತಾಡಿಕೊಳ್ಳುವುದು ಒಳಿತು.

ಮಳೆ, ಗಡಿ, ಬೂಸ್ಟರ್

ಮಳೆ ಹಿಡಿದರೆ ನೆಟ್‌ವರ್ಕ್ ಹೋಗುತ್ತದೆ ಎಂದು ಆಗುಂಬೆಯಿಂದ ಸುಳ್ಯದವರೆಗೆ ಯಾರನ್ನು ಕೇಳಿದರೂ ಹೇಳುತ್ತಾರೆ. ಮಾತು ನಿಜ, ಆದರೆ ತಪ್ಪು ಹನಿಯದ್ದಲ್ಲ. ನಮ್ಮ ಫೋನು ಬಳಸುವ ತರಂಗಗಳಿಗೆ ಮಳೆ ದೊಡ್ಡ ಅಡ್ಡಿಯೇ ಅಲ್ಲ. ನೀರು ಕುಡಿದ ಎಲೆಗಳ ದಟ್ಟಣೆ ಒಂದಿಷ್ಟು ತಡೆಯುತ್ತದೆ. ಟವರಿನಿಂದ ಟವರಿಗೆ ಸಂಪರ್ಕ ಕೊಡುವ, ದುಂಡು ಡಬ್ಬಿಯಂತೆ ಕಾಣುವ ಮೈಕ್ರೋವೇವ್ ಡಿಶ್‌ಗಳದ್ದು ಮೇಲಿನ ತರಂಗಾಂತರ, ಅವುಗಳಿಗೆ ಜಡಿಮಳೆ ನಿಜಕ್ಕೂ ತೊಡಕು. ಎಲ್ಲಕ್ಕಿಂತ ದೊಡ್ಡ ಕಾರಣ ಕರೆಂಟು. ಮರ ಬಿದ್ದು ಲೈನು ಹೋದರೆ ಟವರ್ ಬ್ಯಾಟರಿಯ ಮೇಲೆ ಕೆಲವು ಗಂಟೆ ಉಸಿರಾಡುತ್ತದೆ, ಡೀಸೆಲ್ ಬರದಿದ್ದರೆ ನಿಲ್ಲುತ್ತದೆ. ರಸ್ತೆ ಅಗಲ ಮಾಡುವ ಜೆಸಿಬಿ ಕೇಬಲ್ ಕತ್ತರಿಸಿದರೆ ಹಲವು ಟವರುಗಳು ಒಟ್ಟಿಗೇ ಮೂಗಾಗುತ್ತವೆ. ಕರೆಂಟು ಹೋಗಿ ಎಷ್ಟು ಹೊತ್ತಿಗೆ ನೆಟ್‌ವರ್ಕ್ ಹೋಯಿತು ಎಂದು ಎರಡು ಮೂರು ಸಲ ಗುರುತು ಹಾಕಿಕೊಂಡರೆ ನಿಮ್ಮೂರಿನ ಟವರಿನ ಬ್ಯಾಟರಿ ಎಷ್ಟು ಹಳತು ಎಂಬ ಅಂದಾಜು ಸಿಗುತ್ತದೆ. ದೂರು ಬರೆಯುವಾಗ ಆ ವಿವರ ಉಪಯೋಗಕ್ಕೆ ಬರುತ್ತದೆ.

ಇಂಥ ಊರುಗಳಿಗೆ ನಾನು ಕಂಡಂತೆ ಅತ್ಯುತ್ತಮ ಮದ್ದು ವೈಫೈ ಕಾಲಿಂಗ್. ಏರ್‌ಟೆಲ್ ಇದನ್ನು 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ಆರಂಭಿಸಿದವು. ಮನೆಗೆ ಫೈಬರ್ ಇಂಟರ್ನೆಟ್ ಇದ್ದು ಮೊಬೈಲ್ ಸಿಗ್ನಲ್ ಇಲ್ಲದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ವೈಫೈ ಕಾಲಿಂಗ್’ ಆನ್ ಮಾಡಿ. ಆಮೇಲೆ ಸಾಮಾನ್ಯ ಕರೆಯೇ ವೈಫೈ ಮೂಲಕ ಹೋಗುತ್ತದೆ. ಬೇರೆ ಆ್ಯಪ್ ಬೇಡ, ನಂಬರು ಅದೇ, ಎದುರಿನವರ ಬಳಿ ಕೀಪ್ಯಾಡ್ ಫೋನಿದ್ದರೂ ಸರಿ. ರೌಟರಿಗೊಂದು ಚಿಕ್ಕ ಯುಪಿಎಸ್ ಇಟ್ಟರೆ ಕರೆಂಟು ಹೋದಾಗಲೂ ಕೆಲ ಗಂಟೆ ನಡೆಯುತ್ತದೆ. ಇಷ್ಟು ಸುಲಭದ ಸೌಲಭ್ಯ ಎಷ್ಟೋ ಫೋನುಗಳಲ್ಲಿ ಆಫ್ ಆಗಿಯೇ ಬಿದ್ದಿರುತ್ತದೆ.

ಗಡಿಯೂರಿನವರ ಪಾಡು ಇನ್ನೊಂದು. ತಲಪಾಡಿ, ಅತ್ತಿಬೆಲೆ, ನಿಪ್ಪಾಣಿಯ ಕಡೆ ಮನೆಯೊಳಗೆ ಕುಳಿತಿದ್ದರೂ ಫೋನು ಪಕ್ಕದ ರಾಜ್ಯದ ಟವರನ್ನು ಹಿಡಿದು, ಸ್ವಾಗತದ ಸಂದೇಶ ತರಿಸಿಕೊಳ್ಳುತ್ತದೆ. ಫೋನಿನ ಲೆಕ್ಕದಲ್ಲಿ ಅದು ರೋಮಿಂಗ್. ‘ಡೇಟಾ ರೋಮಿಂಗ್’ ಆಫ್ ಇದ್ದರೆ ಆ ಕ್ಷಣದಿಂದ ನೆಟ್ ಬಂದ್. ಆನ್ ಮಾಡಿಟ್ಟರೆ ಸಾಕು. ದೇಶದೊಳಗಿನ ರೋಮಿಂಗಿಗೆ ಈಗಿನ ಸಾಮಾನ್ಯ ಪ್ಲಾನುಗಳಲ್ಲಿ ಬೇರೆ ದುಡ್ಡಿಲ್ಲ. ವಿದೇಶಕ್ಕೆ ಹೊರಟಾಗ ಮಾತ್ರ ನೆನಪಿಟ್ಟು ಆಫ್ ಮಾಡಬೇಕು.

ದೂರದ ಹಳ್ಳಿಗಳಿಗೆ ಒಂದು ಹೊಸ ಸೌಕರ್ಯ ಬಂದಿದೆ. ಸರ್ಕಾರದ ಡಿಜಿಟಲ್ ಭಾರತ್ ನಿಧಿಯ ದುಡ್ಡಿನಲ್ಲಿ ನಿಂತ ಟವರುಗಳನ್ನು ಜಿಯೋ, ಏರ್‌ಟೆಲ್, ಬಿಎಸ್ಸೆನ್ನೆಲ್ ಪರಸ್ಪರ ಹಂಚಿಕೊಳ್ಳುವ ವ್ಯವಸ್ಥೆಗೆ 2025ರ ಜನವರಿಯಲ್ಲಿ ಚಾಲನೆ ಸಿಕ್ಕಿತು. ನಿಮ್ಮ ಕಂಪನಿಯ ಟವರಿಲ್ಲದ ಊರಿನಲ್ಲಿ ನೆಟ್‌ವರ್ಕ್ ಆಯ್ಕೆಯನ್ನು ಆಟೊಮ್ಯಾಟಿಕ್‌ನಿಂದ ತೆಗೆದು, ಬರುವ ಪಟ್ಟಿಯಲ್ಲಿ ಬೇರೆ ಹೆಸರನ್ನು ಒತ್ತಿ ನೋಡಿ. ಅಂಥ ಟವರಾಗಿದ್ದರೆ ಒಳಗೆ ಬಿಟ್ಟುಕೊಳ್ಳುತ್ತದೆ. ಪೇಟೆಗೆ ಮರಳಿದ ಮೇಲೆ ಮತ್ತೆ ಆಟೊಮ್ಯಾಟಿಕ್ ಮಾಡುವುದನ್ನು ಮರೆತರೆ ಅಲ್ಲಿ ‘ನೋ ಸರ್ವೀಸ್’.

ಆನ್‌ಲೈನಿನಲ್ಲಿ ಮಾರುವ ಸಿಗ್ನಲ್ ಬೂಸ್ಟರ್ ಕೊಳ್ಳಬೇಡಿ. ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು, ಮಾರುವುದು ಎರಡೂ ಕಾನೂನುಬಾಹಿರ. ಅದು ಸಿಗ್ನಲ್ಲಿನ ಜೊತೆ ಗದ್ದಲವನ್ನೂ ಹಿಗ್ಗಿಸಿ ಟವರಿನತ್ತ ಕಳಿಸುತ್ತದೆ. ನಿಮ್ಮ ಮನೆ ಬೆಳಗಿ ಸುತ್ತಲಿನ ನೂರು ಮನೆಗಳ ಕರೆ ಕಡಿಯುತ್ತದೆ. ಫೋನಿನ ಬೆನ್ನಿಗೆ ಅಂಟಿಸುವ ಸ್ಟಿಕರ್, ‘ನೆಟ್‌ವರ್ಕ್ ಬೂಸ್ಟರ್’ ಆ್ಯಪ್‌ಗಳು ಅಷ್ಟು ಅಪಾಯದವಲ್ಲ, ಬರೀ ದಂಡ.

ಇದ್ದಕ್ಕಿದ್ದಂತೆ ಸತ್ತರೆ

ಸಿಗ್ನಲ್ ಚೆನ್ನಾಗಿರುವ ಜಾಗ, ಅಕ್ಕಪಕ್ಕದವರಿಗೆಲ್ಲ ಬರುತ್ತಿದೆ, ರೀಚಾರ್ಜೂ ಇದೆ, ನಿಮ್ಮ ಸಿಮ್ ಮಾತ್ರ ಏಕಾಏಕಿ ಸತ್ತಿದೆ ಎಂದಾದರೆ ತಡ ಮಾಡಬೇಡಿ. ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ನಕಲಿ ಸಿಮ್ ಪಡೆದಿರುವ ಸಾಧ್ಯತೆಯಿದೆ. ಹೊಸದು ಜೀವ ಪಡೆದ ಕ್ಷಣ ಹಳೆಯದು ಸಾಯುತ್ತದೆ. ಬೇರೆ ಫೋನಿನಿಂದ ಮೊದಲು ಕಂಪನಿಗೆ, ಕೂಡಲೇ ಬ್ಯಾಂಕಿಗೆ ಕರೆ ಮಾಡಿ ಖಾತೆ ತಡೆಹಿಡಿಸಿ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಚಾಲೂ ಇವೆ ಎಂಬುದನ್ನು ‘ಸಂಚಾರ್ ಸಾಥಿ’ ಪೋರ್ಟಲಿನಲ್ಲಿ ನೋಡಬಹುದು. ಇನ್ನೊಂದು ಬಗೆಯ ಮೋಸಗಾರರು ತಾವೇ ಕರೆ ಮಾಡುತ್ತಾರೆ: ‘ಟ್ರಾಯ್‌ನಿಂದ ಮಾತಾಡ್ತಿದ್ದೀವಿ, ಎರಡು ಗಂಟೆಯಲ್ಲಿ ನಿಮ್ಮ ನಂಬರ್ ಬಂದ್ ಆಗುತ್ತೆ, ಒಂಬತ್ತು ಒತ್ತಿ.’ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಯಾರ ನಂಬರನ್ನೂ ಬಂದ್ ಮಾಡುವುದಿಲ್ಲ, ಯಾರಿಗೂ ಹೀಗೆ ಕರೆ ಮಾಡುವುದಿಲ್ಲ. ಇಟ್ಟುಬಿಡಿ.

ಕರೆ ಹೋಗುತ್ತದೆ, ಬರುವುದಿಲ್ಲ ಎಂಬವರು ‘ಡು ನಾಟ್ ಡಿಸ್ಟರ್ಬ್’ ನೋಡಿ, ಕಾಲ್ ಫಾರ್ವರ್ಡಿಂಗ್ ನೋಡಿ. ನೀವು ಹಾಕದ ನಂಬರು ಅಲ್ಲಿದ್ದರೆ ತಕ್ಷಣ ತೆಗೆಯಿರಿ.

ಟವರಿನದ್ದೇ ತೊಂದರೆ ಎಂದು ಖಾತ್ರಿಯಾದ ಮೇಲೆ ಕಂಪನಿಯ ದೂರು ಸಂಖ್ಯೆ 198ಕ್ಕೆ ಕರೆ ಮಾಡಿ ದೂರು ದಾಖಲಿಸಿ. ‘ಫೋನ್ ರೀಸ್ಟಾರ್ಟ್ ಮಾಡಿ’ ಎಂದು ಅವರು ಹೇಳುವ ಮೊದಲೇ ಮಾಡಿದ್ದೇನೆ ಎನ್ನಿ. ಊರು, ಪಿನ್‌ಕೋಡು, ಹತ್ತಿರದ ಗುರುತು, ಎಷ್ಟು ಹೊತ್ತಿಗೆ ಹೋಗುತ್ತದೆ, ಡಿಬಿಎಂ ಎಷ್ಟು, ಇನ್ನೆಷ್ಟು ಮನೆಗಳಿಗೆ ಇದೇ ತೊಂದರೆ, ಇಷ್ಟನ್ನು ಹೇಳಿದರೆ ದೂರಿಗೆ ತೂಕ ಬರುತ್ತದೆ. ಡಾಕೆಟ್ ನಂಬರ್ ಎಸ್ಸೆಮ್ಮೆಸ್ಸಿನಲ್ಲಿ ಬರುತ್ತದೆ, ಅದನ್ನು ಅಳಿಸಬೇಡಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಹೋಗಲು ಆ ನಂಬರೇ ಬೇಕು. ಟ್ರಾಯ್ ಒಬ್ಬೊಬ್ಬರ ದೂರನ್ನು ತೆಗೆದುಕೊಳ್ಳುವುದಿಲ್ಲ. ಆದರೆ ಅದು 2024ರಲ್ಲಿ ತಂದ ನಿಯಮವೊಂದು ನಿಮ್ಮ ಪರವಾಗಿದೆ: ಜಿಲ್ಲಾ ಮಟ್ಟದಲ್ಲಿ ಸೇವೆ 24 ಗಂಟೆಗೂ ಮೀರಿ ನಿಂತರೆ ಕಂಪನಿ ಪೋಸ್ಟ್‌ಪೇಯ್ಡ್‌ನವರಿಗೆ ಬಿಲ್ಲಿನಲ್ಲಿ ಕಡಿತ, ಪ್ರೀಪೇಯ್ಡ್‌ನವರಿಗೆ ವ್ಯಾಲಿಡಿಟಿ ವಿಸ್ತರಣೆ ಕೊಡಬೇಕು. ನೈಸರ್ಗಿಕ ವಿಕೋಪಕ್ಕೆ ಇದು ಅನ್ವಯಿಸುವುದಿಲ್ಲ.

ಇಷ್ಟಕ್ಕೂ ಬಗ್ಗದಿದ್ದರೆ ಪೋರ್ಟ್. ಅದಕ್ಕೆ ಮುನ್ನ ಹೊಸ ಕಂಪನಿಯ ವೆಬ್‌ಸೈಟಿನಲ್ಲಿ ಕವರೇಜ್ ಮ್ಯಾಪ್ ನೋಡಿ. ಅದನ್ನು ಪ್ರಕಟಿಸುವುದು ಈಗ ಕಡ್ಡಾಯ. ಮ್ಯಾಪನ್ನೂ ಪೂರ್ತಿ ನಂಬದೆ, ಆ ಕಂಪನಿಯ ಸಿಮ್ ಇರುವ ನೆಂಟರನ್ನು ರಾತ್ರಿ ಊಟಕ್ಕೆ ಕರೆದು ಅವರ ಫೋನಿನ ಅಂಕಿಯನ್ನು ನಿಮ್ಮ ಅಡುಗೆಮನೆಯಲ್ಲೇ ಓದಿಕೊಳ್ಳಿ. ರಾತ್ರಿ ಒಂಬತ್ತರ ಹೊತ್ತಿಗೆ ಟವರಿನ ಮೇಲೆ ಭಾರ ಹೆಚ್ಚಿರುತ್ತದೆ, ಪರೀಕ್ಷೆಗೆ ಅದೇ ಸರಿಯಾದ ಸಮಯ. ಒಪ್ಪಿಗೆಯಾದರೆ ಇಂಗ್ಲಿಷಿನಲ್ಲಿ ‘ಪೋರ್ಟ್’ ಎಂದು ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಎಸ್ಸೆಮ್ಮೆಸ್ ಮಾಡಿ. ಬರುವ ಕೋಡಿಗೆ ನಾಲ್ಕು ದಿನದ ಆಯಸ್ಸು, ಅಷ್ಟರೊಳಗೆ ಅದನ್ನು ಹೊಸ ಕಂಪನಿಗೆ ಕೊಡಬೇಕು. ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು, ಪೋಸ್ಟ್‌ಪೇಯ್ಡ್ ಬಾಕಿ ಇರಬಾರದು, ಸಿಮ್ ಬದಲಿಸಿ ಏಳು ದಿನ ಆಗಿರಬೇಕು. ಒಂದೇ ಸರ್ಕಲ್ಲಿನೊಳಗೆ ಮೂರು ಕೆಲಸದ ದಿನಗಳಲ್ಲಿ ಕೆಲಸ ಮುಗಿಯುತ್ತದೆ. ಹಳೆಯ ಸಿಮ್ ಸತ್ತ ಹೊತ್ತಿಗೆ ಹೊಸದನ್ನು ಹಾಕಿ, ಎಪಿಎನ್ ಒಮ್ಮೆ ನೋಡಿಕೊಂಡು, ಯುಪಿಐ ಆ್ಯಪ್ ತೆರೆಯಿರಿ. ಸಿಮ್ ಬದಲಾಗಿದ್ದಕ್ಕೆ ಅದು ಮತ್ತೊಮ್ಮೆ ನೋಂದಣಿ ಕೇಳಬಹುದು, ಆ ಎಸ್ಸೆಮ್ಮೆಸ್ಸಿಗೆ ಬೇಕಾದಷ್ಟು ಕರೆನ್ಸಿ ಇರಲಿ.